ಟೇಪು ಹಿಡಿದೇ ಶುರು ಮಾಡಬೇಕು

ಹೊಸೂರಿನಲ್ಲಿ ನನ್ನದೊಂದು ಸಣ್ಣ ಟೈಲರಿಂಗ್ ಅಂಗಡಿ. ಚಳಿಗಾಲಕ್ಕೆ ಮುಂಚೆ ನಾವು ಕೆಲವರು ಸೇರಿ ನಮ್ಮ ಕೃಷ್ಣಗಿರಿ ಜಿಲ್ಲೆಯ ಒಂದು ಶ್ರೀಲಂಕಾ ತಮಿಳರ ಶಿಬಿರಕ್ಕೆ ಬೆಚ್ಚನೆ ಬಟ್ಟೆ ಕೊಡುತ್ತೇವೆ. ಹೇಗೆ ಮಾಡ್ತೀರಿ ಅಂತ ಕೇಳುವವರು ಜಾಸ್ತಿಯಾಗಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಶ್ರೀಲಂಕಾದಲ್ಲಿ ತಮಿಳರ ಮೇಲೆ ನಡೆದ 1983ರ ಗಲಭೆಯ ನಂತರ ಬೇರೆ ಬೇರೆ ವರ್ಷಗಳಲ್ಲಿ ದೋಣಿ ಹತ್ತಿ ರಾಮೇಶ್ವರದ ಕಡೆ ಬಂದಿಳಿದ ಕುಟುಂಬಗಳಿವು. ಅಲ್ಲಿನ ಕರಾವಳಿಯ ಮನ್ನಾರ್, ತ್ರಿಕೋಣಮಲೆ ಕಡೆಯ ಹಿರಿಯರು ಕಡಲ ಸೆಕೆಯಲ್ಲೇ ಬೆಳೆದವರು. ನಮ್ಮ ಧನುರ್ಮಾಸದ ಮಂಜು ಅವರಿಗೆ ಇವತ್ತಿಗೂ ಒಗ್ಗಿಲ್ಲ. ಮೊಮ್ಮಕ್ಕಳು ಇಲ್ಲೇ ಹುಟ್ಟಿದವರು. ಆದರೂ ಶೀಟಿನ ಸೂರಿನ ಹಳೇ ಮನೆಗಳಲ್ಲಿ ಬೆಳಗಿನ ಜಾವ ಯಾರಿಗೂ ನಿದ್ದೆ ಹತ್ತಲ್ಲ.

ಮೊದಲು ಅನುಮತಿ. ಹೊರಗಿನವರು ಸುಮ್ನೆ ಒಳಗೆ ಹೋಗುವಂತಿಲ್ಲ. ಏನು ಕೊಡುತ್ತೇವೆ, ಯಾರು ಯಾರು ಬರುತ್ತೇವೆ ಎಂದು ಬರೆದು ತಹಶೀಲ್ದಾರರ ಕಚೇರಿಗೆ ಅರ್ಜಿ ಹಾಕುತ್ತೇವೆ.

ಆಮೇಲೆ ಅಳತೆ. ಇಡೀ ಕೆಲಸದ ಜೀವ ಇರುವುದು ಇದರಲ್ಲೇ. ಟೇಪು ಹಿಡಿದು ಮನೆಮನೆಗೆ ಹೋಗುತ್ತೇನೆ. ಎದೆ, ಭುಜ, ತೋಳಿನ ಉದ್ದ ಬರೆದುಕೊಳ್ಳುತ್ತೇನೆ. ಬೆಳೆಯುವ ಮಕ್ಕಳಿಗೆ ಒಂದು ಸೈಜ್ ದೊಡ್ಡದು ತಂದು, ತೋಳನ್ನು ಎರಡಿಂಚು ಒಳಗೆ ಮಡಚಿ ಹೊಲಿಯುತ್ತೇನೆ. ಮುಂದಿನ ವರ್ಷ ಬಿಚ್ಚಿಕೊಂಡರಾಯಿತು. ಅಳತೆ ಕೊಡುತ್ತಾ ಜನ ಮಾತಾಡುತ್ತಾರೆ. ಯಾರಿಗೆ ದಮ್ಮು, ಯಾರು ಬಸುರಿ, ಯಾರು ನಸುಕಿಗೇ ಕೆಲಸಕ್ಕೆ ಹೊರಡುತ್ತಾರೆ ಎಲ್ಲ ತಿಳಿಯುತ್ತದೆ. ಏನು ತರಬೇಕು ಅನ್ನುವುದು ನಿರ್ಧಾರವಾಗುವುದು ಅಲ್ಲೇ.

ಅಲ್ಲಿನ ಹುಡುಗರಲ್ಲಿ ಸುಮಾರು ಜನ ಪೇಂಟಿಂಗ್ ಕೆಲಸಕ್ಕೆ ಹೋಗುವವರು. ಸೂರ್ಯ ಹುಟ್ಟುವ ಮುಂಚೆ ಬೈಕ್ ಹತ್ತುತ್ತಾರೆ. ದಪ್ಪ ಸ್ವೆಟರ್ ಕೊಟ್ಟರೆ ಹೆಣಿಗೆಯ ಸಂದಿನಲ್ಲಿ ಗಾಳಿ ನುಗ್ಗುತ್ತದೆ. ಅವರಿಗೆ ಒಳಗೊಂದು ತುಂಬುತೋಳಿನ ಟೀ ಶರ್ಟ್, ಮೇಲೊಂದು ವಿಂಡ್‌ಚೀಟರ್. ಎರಡು ಪದರದ ನಡುವೆ ಗಾಳಿ ನಿಂತು ಮೈ ಬಿಸಿ ಹೊರಗೆ ಹೋಗಲ್ಲ.

ಅಜ್ಜಿಯರದ್ದು ಬೇರೆಯೇ ಲೆಕ್ಕ. ಹೊರಗೆ ಸೌದೆ ಒಲೆಯಲ್ಲಿ ನೀರು ಕಾಯಿಸುವವರಿಗೆ ನಾನು ಫ್ಲೀಸ್ ಕೊಡುವುದೇ ಇಲ್ಲ. ಅದು ಪಾಲಿಯೆಸ್ಟರ್. ಬೆಂಕಿ ತಗುಲಿದರೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಉಣ್ಣೆ ಅಷ್ಟು ಬೇಗ ಹೊತ್ತಿಕೊಳ್ಳಲ್ಲ. ಅದಕ್ಕೆ ದುಡ್ಡು ಜಾಸ್ತಿಯಾದರೂ ಉಣ್ಣೆ ಶಾಲೇ ತರುತ್ತೇವೆ. ಕೂಸುಗಳಿಗೆ ಮುಂದೆ ಗುಂಡಿ ಇರುವ ಸ್ವೆಟರ್. ಕುತ್ತಿಗೆ ಹತ್ತಿರ ದಾರ, ಲಾಡಿ ಇದ್ದರೆ ಕಿತ್ತು ಹಾಕಿಯೇ ಕೊಡುತ್ತೇನೆ.

ಖರೀದಿ ಆಷಾಢದಲ್ಲೇ ಮುಗಿಸುತ್ತೇವೆ. ತಿರುಪ್ಪೂರಿನಲ್ಲಿ ರಫ್ತಿಗೆ ಹೊಲಿದು ಉಳಿದ ಮಾಲು ಆಗ ಅಗ್ಗಕ್ಕೆ ಸಿಗುತ್ತದೆ. ಹಳೇ ಬಟ್ಟೆಯನ್ನೂ ತಗೊಳ್ಳುತ್ತೇವೆ, ಆದರೆ ಒಗೆದಿರಬೇಕು, ಜಿಪ್ ಸರಿಯಿರಬೇಕು. ಹರಿದದ್ದನ್ನು ಮುಖ ನೋಡದೆ ವಾಪಸ್ ಕಳಿಸುತ್ತೇನೆ.

ಕೊಡುವ ದಿನ ವೇದಿಕೆ, ಭಾಷಣ ಇಲ್ಲ. ಫೋಟೊ ಅಂತೂ ಬೇಡವೇ ಬೇಡ. ಫೋಟೊ ಬೇಕೇ ಬೇಕು ಎಂದ ಒಬ್ಬ ದಾನಿಯ ದುಡ್ಡನ್ನೇ ಬಿಟ್ಟೆವು. ಅಂಗಡಿಯಲ್ಲಿ ಜೋಡಿಸುವ ಹಾಗೆ ಸೈಜ್ ಪ್ರಕಾರ ಮೇಜಿನ ಮೇಲೆ ಇಡುತ್ತೇವೆ, ಬಂದವರು ಆರಿಸಿಕೊಳ್ಳುತ್ತಾರೆ. ಹೋದ ಸಲ ಪ್ಲಸ್ ಟೂ ಓದುವ ಹುಡುಗಿಯೊಬ್ಬಳು ಮರೂನ್ ಹೂಡಿ ತೊಟ್ಟು ನೋಡಿದಳು. ಜಿಪ್ ಮೇಲೆ ಕೆಳಗೆ ಎಳೆದಳು. ಜೇಬಿಗೆ ಕೈ ಹಾಕಿ ಆಳ ನೋಡಿದಳು. ಆಮೇಲೆ ಮೆಲ್ಲಗೆ, 'ಅಕ್ಕಾ, ಇದೇ ಕಪ್ಪಲ್ಲಿ ಇದೆಯಾ?' ಎಂದಳು. ಅವಳಿಗಾಗಿ ಇನ್ನೊಂದು ಬಂಡಲ್ ಬಿಚ್ಚಿದೆ. ಆ ವಯಸ್ಸಿಗೆ ಬಣ್ಣವೂ ಮುಖ್ಯ, ಅಲ್ವಾ? ಇಷ್ಟವಿಲ್ಲದ್ದನ್ನು ಕೊಟ್ಟರೆ ಮಕ್ಕಳು ಚಳಿಯಲ್ಲಿ ನಡುಗುತ್ತಾರೆಯೇ ಹೊರತು ಹಾಕಿಕೊಳ್ಳಲ್ಲ.

ಬಟ್ಟೆ ಕೊಟ್ಟ ಮೇಲೂ ಬಿಗಿ, ಸಡಿಲ ಇದ್ದೇ ಇರುತ್ತದೆ. ಅದನ್ನು ಸರಿಮಾಡಲು ಮುಂಚೆ ನಾನೇ ಮಷಿನ್ ಒಯ್ಯುತ್ತಿದ್ದೆ. ಈಗ ಅಲ್ಲಿನ ಹೊಲಿಗೆ ಬಲ್ಲ ಹೆಂಗಸರೇ ನೋಡಿಕೊಳ್ಳುತ್ತಾರೆ. ಈ ವರ್ಷ ಫ್ಲಾನೆಲ್ ಥಾನು ತಂದು, ಕೂಸುಗಳ ಅಂಗಿ, ಟೋಪಿ ಹೊಲಿಯುವುದನ್ನೂ ಅವರಿಗೇ ಒಪ್ಪಿಸಿದ್ದೇವೆ. ನನ್ನ ಅಂಗಡಿಯಲ್ಲಿ ಕೊಡುವ ಕೂಲಿಯನ್ನೇ ಅಲ್ಲೂ ಕೊಡುತ್ತೇವೆ. ಟೋಪಿಗಳು ಮುಗಿದಿವೆ, ಅಂಗಿಗಳು ಕಾರ್ತಿಕದೊಳಗೆ ಆಗುತ್ತವೆ ಎಂದಿದ್ದಾರೆ.