ಇ. ಕೋಲಿಯಲ್ಲಿ ಟ್ಯಾಕ್ ಪಾಲಿಮರೇಸ್ ತಯಾರಿಸುವ ಬಗೆ

ಡಿಎನ್‌ಎಯ ತುಣುಕನ್ನು ಟ್ಯೂಬಿನಲ್ಲೇ ಲಕ್ಷಾಂತರ ಪಟ್ಟು ನಕಲು ಮಾಡುವ ವಿಧಾನವೇ ಪಿಸಿಆರ್. ಅದನ್ನು ಮಾಡುವ ಲ್ಯಾಬುಗಳಲ್ಲಿ, ಆ ನಕಲು ಮಾಡುವ ಕಿಣ್ವವಾದ ಟ್ಯಾಕ್ ಪಾಲಿಮರೇಸನ್ನು ಕೊಂಡು ತರುವುದೇ ವಾಡಿಕೆ. ಆದರೆ ಈ ಕಿಣ್ವದ ಜೀನ್ ಹೊತ್ತ ಇ. ಕೋಲಿ ಬ್ಯಾಕ್ಟೀರಿಯಾವನ್ನು ಒಂದು ಲೀಟರ್ ಬೆಳೆಸಿದರೆ ಸಾವಿರಾರು ರಿಯಾಕ್ಷನ್ನಿಗೆ ಸಾಲುವಷ್ಟು ಕಿಣ್ವ ಕೈಗೆ ಬರುತ್ತದೆ. ದುಬಾರಿ ಕ್ರೊಮಟೋಗ್ರಫಿ ಯಂತ್ರವೂ ಬೇಕಿಲ್ಲ, ಏಕೆಂದರೆ ಶುದ್ಧೀಕರಣದ ಮುಕ್ಕಾಲು ಪಾಲು ಕೆಲಸವನ್ನು ಶಾಖವೇ ಮಾಡಿಕೊಡುತ್ತದೆ. ಈ ಕಿಣ್ವದ ತವರು ಅಮೆರಿಕದ ಯೆಲ್ಲೋಸ್ಟೋನ್‌ನ ಬಿಸಿನೀರಿನ ಬುಗ್ಗೆ. ಅಲ್ಲಿ ಸಿಕ್ಕ ಥರ್ಮಸ್ ಅಕ್ವಾಟಿಕಸ್ ಎಂಬ ಬ್ಯಾಕ್ಟೀರಿಯಾವನ್ನು ಥಾಮಸ್ ಬ್ರಾಕ್ ಮತ್ತು ಹಡ್ಸನ್ ಫ್ರೀಜ್ 1969ರಲ್ಲಿ ವಿವರಿಸಿದರು. 70 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಚೆನ್ನಾಗಿ ಬೆಳೆಯುವ ಜೀವಿ ಅದು. ಅದರ ಪಾಲಿಮರೇಸ್ 95 ಡಿಗ್ರಿಯಲ್ಲಿ ಸುಮಾರು 40 ನಿಮಿಷ ಕಳೆದ ಮೇಲೂ ಅರ್ಧ ಶಕ್ತಿ ಉಳಿಸಿಕೊಳ್ಳುತ್ತದೆ. ಇ. ಕೋಲಿಯ ಸ್ವಂತ ಪ್ರೋಟೀನುಗಳಲ್ಲಿ ಬಹುಪಾಲು 75 ಡಿಗ್ರಿಗೇ ಬೆಂದು ಗಟ್ಟಿಯಾಗುತ್ತವೆ. ಈ ಅಂತರವೇ ಇಡೀ ವಿಧಾನದ ಜೀವಾಳ.

ಜೀನ್ ಮತ್ತು ತಳಿ

ಟ್ಯಾಕ್ 832 ಅಮೈನೋ ಆಮ್ಲಗಳ, ಸುಮಾರು 94 ಕಿಲೋಡಾಲ್ಟನ್ ತೂಕದ ಒಂಟಿ ಸರಪಳಿ. ಸಕ್ಕರೆ ಜೋಡಣೆ ಬೇಡ, ಹೊರಗಿನ ನೆರವೂ ಬೇಡ. ಹಾಗಾಗಿ ಇ. ಕೋಲಿ ಇದನ್ನು ಸಲೀಸಾಗಿ ಕಟ್ಟುತ್ತದೆ. ಜೀನನ್ನು ಹೊತ್ತೊಯ್ಯುವ ಡಿಎನ್‌ಎ ಉಂಗುರ ಪ್ಲಾಸ್ಮಿಡ್, ಆ ಜೀನನ್ನು ಚಾಲೂ ಮಾಡುವ ಸ್ವಿಚ್ಚು ಪ್ರೊಮೋಟರ್. ಟ್ಯಾಕ್ (tac) ಪ್ರೊಮೋಟರ್ ಇರುವ ಹಳೆಯ ಪ್ಲಾಸ್ಮಿಡ್ ಆದರೆ ಡಿಎಚ್5 ಆಲ್ಫಾ ತಳಿಯಂಥ ಸಾಮಾನ್ಯ ತಳಿ ಸಾಕು. ಟಿ7 ಪ್ರೊಮೋಟರ್ ಇರುವ ಪಿಇಟಿ ಪ್ಲಾಸ್ಮಿಡ್ ಆದರೆ ಬಿಎಲ್21 ಡಿಇ3 ಬೇಕೇ ಬೇಕು. ಪ್ರೊಮೋಟರಿನ ಹೆಸರೂ ಕಿಣ್ವದ ಹೆಸರೂ ಕನ್ನಡದಲ್ಲಿ ಒಂದೇ ಥರ ಕೇಳಿಸುತ್ತವೆ, ಎರಡಕ್ಕೂ ಸಂಬಂಧವಿಲ್ಲ.

ಥರ್ಮಸ್ ಜೀನಿನಲ್ಲಿ ಜಿ ಮತ್ತು ಸಿ ಅಕ್ಷರಗಳದೇ ದರ್ಬಾರು, ಸುಮಾರು 68%. ಒಂದೊಂದು ಅಮೈನೋ ಆಮ್ಲವನ್ನು ಸೂಚಿಸುವ ಮೂರಕ್ಷರದ ಪದವೇ ಕೋಡಾನ್; ಇ. ಕೋಲಿ ಅಪರೂಪಕ್ಕೆ ಬಳಸುವ ಕೋಡಾನುಗಳು ಅದರಲ್ಲಿ ಬಹಳ. ಇಳುವರಿ ಕೈಕೊಟ್ಟರೆ ಆ ಕೋಡಾನುಗಳನ್ನು ಓದುವ ಟಿಆರ್‌ಎನ್‌ಎಗಳನ್ನು ಒದಗಿಸುವ ರೊಸೆಟ್ಟಾ ತಳಿಗೆ ಬದಲಿಸಿ, ಇಲ್ಲವೇ ಕೋಡಾನ್ ತಿದ್ದಿದ ಜೀನನ್ನೇ ಸಿಂಥೆಸಿಸ್ ಮಾಡಿಸಿ.

ಜೀನ್ ಮಾರ್ಪಾಟಾದ ಜೀವಿಯನ್ನು ಬೆಳೆಸುವ ಮೊದಲು ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಗೆ ತಿಳಿಸಿ. ಬಳಸಿದ ಕಲ್ಚರ್, ಟಿಪ್, ಬಾಟಲಿ ಎಲ್ಲವೂ 121 ಡಿಗ್ರಿಯಲ್ಲಿ 20 ನಿಮಿಷ ಆಟೋಕ್ಲೇವ್ ಆಗಿಯೇ ಹೊರಗೆ ಹೋಗಬೇಕು.

ಬೆಳೆಸುವುದು

ಲೀಟರಿಗೆ 10 ಗ್ರಾಂ ಟ್ರಿಪ್ಟೋನ್, 5 ಗ್ರಾಂ ಯೀಸ್ಟ್ ಎಕ್ಸ್‌ಟ್ರಾಕ್ಟ್, 10 ಗ್ರಾಂ ಉಪ್ಪು ಹಾಕಿ ಎಲ್‌ಬಿ ಎಂಬ ಬೆಳೆಸುವ ಮಾಧ್ಯಮ ಮಾಡಿಕೊಳ್ಳಿ. ಆಟೋಕ್ಲೇವ್ ಆಗಿ ಆರಿದ ಮೇಲೆ ಮಿಲಿಲೀಟರಿಗೆ 100 ಮೈಕ್ರೋಗ್ರಾಂ ಲೆಕ್ಕದಲ್ಲಿ ಆಂಪಿಸಿಲಿನ್ ಸೇರಿಸಿ, ಪ್ಲಾಸ್ಮಿಡ್ ಇರುವ ಕೋಶಗಳಷ್ಟೇ ಅದನ್ನು ತಾಳಿಕೊಳ್ಳುತ್ತವೆ. 2 ಲೀಟರ್ ಫ್ಲಾಸ್ಕಿಗೆ 500 ಮಿ.ಲೀ. ಮೀರಿ ತುಂಬಬೇಡಿ. ತುಂಬಿದರೆ ಗಾಳಿ ಸಾಲದೆ ಬೆಳವಣಿಗೆ ಅರ್ಧಕ್ಕೇ ನಿಲ್ಲುತ್ತದೆ.

ಹೊಸದಾಗಿ ಟ್ರಾನ್ಸ್‌ಫಾರ್ಮ್ ಮಾಡಿದ ಪ್ಲೇಟಿನಿಂದ ಒಂದೇ ಕಾಲೊನಿ ಎತ್ತಿ 10 ಮಿ.ಲೀ. ಕಲ್ಚರ್ ರಾತ್ರಿಯಿಡೀ ಬೆಳೆಸಿ. ಇಲ್ಲಿ ಬಹಳ ಮಂದಿ ಎಡವುತ್ತಾರೆ. ನಿರೋಧಕ ಬ್ಯಾಕ್ಟೀರಿಯಾ ಹೊರಬಿಡುವ ಬೀಟಾ ಲ್ಯಾಕ್ಟಮೇಸ್ ಆ ರಾತ್ರಿಯಲ್ಲೇ ಆಂಪಿಸಿಲಿನ್ನನ್ನು ತಿಂದು ಮುಗಿಸುತ್ತದೆ, ಆಮೇಲೆ ಪ್ಲಾಸ್ಮಿಡ್ ಕಳೆದುಕೊಂಡ ಕೋಶಗಳೇ ಮುಂದೆ ಬರುತ್ತವೆ. ಈ 10 ಮಿ.ಲೀ. ಬೀಜದ ಕಲ್ಚರನ್ನು ಹಾಗೇ ದೊಡ್ಡ ಫ್ಲಾಸ್ಕಿಗೆ ಸುರಿಯಬೇಡಿ. ಅದನ್ನು ಸೆಂಟ್ರಿಫ್ಯೂಜ್ ಮಾಡಿ, ಹಳೆಯ ಮಾಧ್ಯಮ ಚೆಲ್ಲಿ, ಪೆಲೆಟನ್ನು ಹೊಸ ಎಲ್‌ಬಿಯಲ್ಲಿ ಕದಡಿ ಫ್ಲಾಸ್ಕಿಗೆ ಹಾಕಿ.

37 ಡಿಗ್ರಿ, 200 ಆರ್‌ಪಿಎಂ. 600 ನ್ಯಾನೋಮೀಟರಿನಲ್ಲಿ ಓಡಿ (ಕಲ್ಚರಿನ ಮಬ್ಬಿನ ಅಳತೆ) 0.6 ಮುಟ್ಟಿದಾಗ, ಪ್ರೊಮೋಟರನ್ನು ಚಾಲೂ ಮಾಡುವ ಐಪಿಟಿಜಿಯನ್ನು 0.5 ಮಿಲಿಮೋಲಾರ್ ಆಗುವಂತೆ ಸೇರಿಸಿ. ಒಂದು ಮೋಲಾರ್ ದ್ರಾವಣಕ್ಕೆ ಮಿಲಿಲೀಟರಿಗೆ 238 ಮಿ.ಗ್ರಾಂ ಬೇಕು, ಅದರಲ್ಲಿ ಲೀಟರ್ ಕಲ್ಚರಿಗೆ ಅರ್ಧ ಮಿ.ಲೀ. ಸಾಕು. ಟ್ಯಾಕ್ ಪ್ರೊಮೋಟರಿನ ಪ್ಲಾಸ್ಮಿಡ್‌ಗೆ 12ರಿಂದ 16 ಗಂಟೆ ಕೊಡಿ. ಟಿ7ಗೆ 4 ಗಂಟೆಯಿಂದ ಶುರುಮಾಡಿ ನೋಡಿ. ಐಪಿಟಿಜಿ ಹಾಕುವ ಮುಂಚೆ ಒಂದು ಮಿ.ಲೀ., ಕೊನೆಯಲ್ಲಿ ಒಂದು ಮಿ.ಲೀ. ತೆಗೆದಿಡಿ. ಮುಂದೆ ಕಿಣ್ವ ಸಿಗದಿದ್ದರೆ ತಪ್ಪು ಬೆಳೆಸುವಲ್ಲಿತ್ತೋ ಬಿಸಿಮಾಡುವಲ್ಲಿತ್ತೋ ಎಂಬುದನ್ನು ಇವೆರಡು ಟ್ಯೂಬುಗಳೇ ಹೇಳುತ್ತವೆ.

ಕೋಶ ಒಡೆದು ಬಿಸಿ ಮಾಡುವುದು

ಮುಂದಿನ ಅಳತೆಗಳೆಲ್ಲ ಒಂದು ಲೀಟರ್ ಕಲ್ಚರಿಗೆ. 5,000 ಜಿ ವೇಗದಲ್ಲಿ 15 ನಿಮಿಷ ತಿರುಗಿಸಿ ಪೆಲೆಟ್ ಇಳಿಸಿ. 50 ಮಿಲಿಮೋಲಾರ್ ಟ್ರಿಸ್ ಪಿಎಚ್ 7.9, 50 ಮಿಲಿಮೋಲಾರ್ ಗ್ಲೂಕೋಸ್, 1 ಮಿಲಿಮೋಲಾರ್ ಇಡಿಟಿಎ ಇರುವ ಬಫರಿನ 100 ಮಿ.ಲೀ.ಯಲ್ಲಿ ಅದನ್ನು ಒಮ್ಮೆ ತೊಳೆಯಿರಿ. ಬಳಿಕ ಅದೇ ಬಫರಿನ 50 ಮಿ.ಲೀ.ಯಲ್ಲಿ ಕದಡಿ, ಕೋಶಭಿತ್ತಿ ಕರಗಿಸುವ ಲೈಸೊಜೈಮ್ 200 ಮಿ.ಗ್ರಾಂ ಹಾಕಿ 15 ನಿಮಿಷ ಕೋಣೆಯ ಉಷ್ಣತೆಯಲ್ಲಿಡಿ. ಈಗ 50 ಮಿ.ಲೀ. ಒಡೆಯುವ ಬಫರ್ ಸುರಿಯಿರಿ: 10 ಮಿಲಿಮೋಲಾರ್ ಟ್ರಿಸ್ ಪಿಎಚ್ 7.9, 50 ಮಿಲಿಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್, 1 ಮಿಲಿಮೋಲಾರ್ ಇಡಿಟಿಎ, ಟ್ವೀನ್ 20 ಮತ್ತು ಎನ್‌ಪಿ 40 ತಲಾ 0.5%, 1 ಮಿಲಿಮೋಲಾರ್ ಪಿಎಂಎಸ್‌ಎಫ್. ಪ್ರೋಟೀನ್ ಕತ್ತರಿಸುವ ಪ್ರೋಟಿಯೇಸುಗಳನ್ನು ತಡೆಯುವ ಈ ಪಿಎಂಎಸ್‌ಎಫ್ ನೀರಿನಲ್ಲಿ ಬೇಗ ಕೆಡುತ್ತದೆ, ಐಸೊಪ್ರೊಪನಾಲಿನಲ್ಲಿ ಕರಗಿಸಿಟ್ಟು ಬಳಸುವ ಕ್ಷಣದಲ್ಲಿ ಸೇರಿಸಿ. ಅದು ವಿಷ, ಗ್ಲೌಸ್ ಇಲ್ಲದೆ ಮುಟ್ಟಬೇಡಿ.

ಟ್ರಿಸ್ ಬಗ್ಗೆ ಒಂದು ಮಾತು. ಪ್ರತಿ ಡಿಗ್ರಿಗೆ ಅದರ ಪಿಎಚ್ ಸುಮಾರು 0.028ರಷ್ಟು ಇಳಿಯುತ್ತದೆ. 25 ಡಿಗ್ರಿಯಲ್ಲಿ 7.9 ಇದ್ದದ್ದು 75ರಲ್ಲಿ 6.5. ಫ್ರಿಜ್ಜಿನಿಂದ ಈಗಷ್ಟೇ ತೆಗೆದ ಬಫರಿಗೆ 7.9 ಎಂದು ಹೊಂದಿಸಿದರೆ, ಬಿಸಿಯಾದಾಗ ಅದು 6ರ ಹತ್ತಿರಕ್ಕೆ ಜಾರುತ್ತದೆ. ಪಿಎಚ್ ಹೊಂದಿಸುವ ಕೆಲಸ ಕೋಣೆಯ ಉಷ್ಣತೆಯಲ್ಲೇ ಆಗಲಿ.

ಫ್ಲಾಸ್ಕಿನಲ್ಲೀಗ ಕೋಳಿಮೊಟ್ಟೆಯ ಲೋಳೆಯಂತೆ ಎಳೆಎಳೆಯಾಗಿ ಜೋತುಬೀಳುವ ದ್ರವ ಇರುತ್ತದೆ. ಅದು ಒಡೆದ ಕೋಶಗಳ ಡಿಎನ್‌ಎ. ಇದನ್ನು ಹೀಗೇ ಬಿಟ್ಟರೆ ಸೆಂಟ್ರಿಫ್ಯೂಜಿನಲ್ಲಿ ಪೆಲೆಟ್ ಗಟ್ಟಿಯಾಗಿ ಕೂರುವುದಿಲ್ಲ, ಕಿಣ್ವದ ಜೊತೆಗೇ ಡಿಎನ್‌ಎಯೂ ಬರುತ್ತದೆ. 5 ಮಿಲಿಮೋಲಾರ್ ಮೆಗ್ನೀಸಿಯಂ ಕ್ಲೋರೈಡ್ ಮತ್ತು ಮಿಲಿಲೀಟರಿಗೆ 10 ಮೈಕ್ರೋಗ್ರಾಂ ಲೆಕ್ಕದಲ್ಲಿ ಡಿಎನ್‌ಎ ಕತ್ತರಿಸುವ ಡಿಎನ್‌ಏಸ್ 1 ಹಾಕಿ, 37 ಡಿಗ್ರಿಯಲ್ಲಿ 15 ನಿಮಿಷ ಇಟ್ಟರೆ ದ್ರವ ನೀರಾಗುತ್ತದೆ. ಆಮೇಲೆ ಆ ಮೆಗ್ನೀಸಿಯಂ ಅನ್ನು ಹಿಡಿದಿಡುವ ಇಡಿಟಿಎಯನ್ನು 10 ಮಿಲಿಮೋಲಾರಿಗೆ ಏರಿಸಿ. ಡಿಎನ್‌ಏಸ್ ಮುಂದಿನ ಶಾಖಕ್ಕೆ ಸಾಯುತ್ತದೆ, ಮೆಗ್ನೀಸಿಯಂ ಕೈಗೆ ಸಿಗದ್ದರಿಂದ ತಣ್ಣಗಾದ ಮೇಲೆ ಚೇತರಿಸಿಕೊಳ್ಳುವ ಸಂಭವವೂ ಕಡಿಮೆ.

ಈಗ 75 ಡಿಗ್ರಿಯಲ್ಲಿ ಒಂದು ಗಂಟೆ. ಈ ಗಂಟೆಯನ್ನು ವಾಟರ್ ಬಾತಿನ ಅಂಕಿ ನೋಡಿ ಎಣಿಸಬೇಡಿ, ಥರ್ಮಾಮೀಟರ್ ದ್ರವದೊಳಗೇ ಇರಲಿ. ದಪ್ಪ ಗಾಜಿನ ಬಾಟಲಿಯಲ್ಲಿ 100 ಮಿ.ಲೀ. ದ್ರವ ಬಿಸಿಯೇರಲು ತುಂಬಾ ಹೊತ್ತು ಹಿಡಿಯುತ್ತದೆ. ದಾರಿಯಲ್ಲಿ 40ರಿಂದ 55 ಡಿಗ್ರಿ ನಡುವೆ ಇ. ಕೋಲಿಯ ಪ್ರೋಟಿಯೇಸುಗಳು ಚುರುಕಾಗಿಯೇ ಇದ್ದು ಟ್ಯಾಕನ್ನು ಕತ್ತರಿಸಬಲ್ಲವು. ಅದಕ್ಕೇ 50 ಮಿ.ಲೀ. ಟ್ಯೂಬುಗಳಿಗೆ 25 ಮಿ.ಲೀ.ಯಂತೆ ಹಂಚಿ, ಮೊದಲ ಹತ್ತು ನಿಮಿಷ ಆಗಾಗ ತಿರುಗಿಸುತ್ತಿರಿ. 60 ಡಿಗ್ರಿ ದಾಟುತ್ತಿದ್ದಂತೆ ತಿಳಿಯಾಗಿದ್ದ ದ್ರವ ಮಬ್ಬಾಗಿ, ನೋಡನೋಡುತ್ತಲೇ ಒಡೆದ ಹಾಲಿನಂತೆ ಬಿಳಿ ಕರಣೆ ಕಟ್ಟುತ್ತದೆ. ಹಾಗೆ ಕಟ್ಟದೆ ಬರೀ ಹಾಲುಬಿಳುಪಾಗಿ ಉಳಿದರೆ ಶಾಖ ಸಾಲಲಿಲ್ಲ ಎಂದರ್ಥ.

ಐಸಿನಲ್ಲಿ ಚೆನ್ನಾಗಿ ತಣಿಸಿ, 15,000 ಜಿ ವೇಗದಲ್ಲಿ 20 ನಿಮಿಷ ತಿರುಗಿಸಿ. ನಿಮ್ಮ ಕಿಣ್ವ ಮೇಲಿನ ತಿಳಿಯಲ್ಲಿದೆ. ಪ್ರೋಟೀನುಗಳನ್ನು ತೂಕದ ಪ್ರಕಾರ ಬಿಡಿಸುವ 10% ಎಸ್‌ಡಿಎಸ್ ಜೆಲ್ಲಿನಲ್ಲಿ ಬಿಸಿಯ ಮುಂಚಿನದನ್ನೂ ನಂತರದ್ದನ್ನೂ ಅಕ್ಕಪಕ್ಕ ಓಡಿಸಿ. ಮೊದಲನೆಯದು ಮೇಲಿಂದ ಕೆಳತನಕ ಪಟ್ಟೆಗಳ ಸಂತೆ, ಎರಡನೆಯದರಲ್ಲಿ 94 ಕಿಲೋಡಾಲ್ಟನ್ ಮಟ್ಟದಲ್ಲಿ ಒಂದು ದಪ್ಪ ಪಟ್ಟೆ, ಸುತ್ತ ನಾಲ್ಕಾರು ಮಸುಕು ಗೆರೆ. ಎರಡರಲ್ಲೂ ಆ ಪಟ್ಟೆ ಕಾಣದಿದ್ದರೆ ದೋಷ ಬೆಳೆಸಿದ್ದರಲ್ಲಿದೆ. 60ರ ಸುತ್ತ ಹೊಸ ಪಟ್ಟೆ ಎದ್ದಿದ್ದರೆ ಪ್ರೋಟಿಯೇಸ್ ಕೈಯಾಡಿಸಿದೆ ಎಂದು ಶಂಕಿಸಿ, ಮುಂದಿನ ಸಲ ಬೇಗ ಬಿಸಿ ಮಾಡಿ.

ಸಾಂದ್ರಗೊಳಿಸಿ ಸಂಗ್ರಹಿಸುವುದು

100 ಮಿ.ಲೀ. ತಿಳಿಗೆ 30 ಗ್ರಾಂ ಪುಡಿ ಮಾಡಿದ ಅಮೋನಿಯಂ ಸಲ್ಫೇಟನ್ನು ಕಲಕುತ್ತಾ ಸ್ವಲ್ಪಸ್ವಲ್ಪವೇ ಉದುರಿಸಿ. 15,000 ಜಿ, 15 ನಿಮಿಷ. ಇಲ್ಲಿ ಕಣ್ತಪ್ಪುವುದು ಸುಲಭ: ಡಿಟರ್ಜೆಂಟ್ ಇರುವುದರಿಂದ ಪ್ರೋಟೀನಿನ ಒಂದು ಪಾಲು ತಳಕ್ಕೆ ಇಳಿಯದೆ ಕೆನೆಯಂತೆ ಮೇಲೆ ತೇಲುತ್ತದೆ. ದ್ರವ ಚೆಲ್ಲುವ ಭರದಲ್ಲಿ ಅದೂ ಸಿಂಕಿಗೆ ಹೋದರೆ ಇಳುವರಿಯೇ ಹೋದಂತೆ. ಕೆನೆ, ತಳ ಎರಡನ್ನೂ ಒಟ್ಟು ಮಾಡಿ 20 ಮಿ.ಲೀ. ಮೊದಲ ಬಫರಿನಲ್ಲಿ ಕರಗಿಸಿ.

ಡಯಾಲಿಸಿಸ್ ಚೀಲದಲ್ಲಿ ತುಂಬಿ, ಶೇಖರಣೆಯ ಬಫರಿನಲ್ಲಿ 4 ಡಿಗ್ರಿಯಲ್ಲಿ 12 ಗಂಟೆಯಂತೆ ಎರಡು ಸಲ ಇಡಿ: 50 ಮಿಲಿಮೋಲಾರ್ ಟ್ರಿಸ್ ಪಿಎಚ್ 7.9, 50 ಪೊಟ್ಯಾಸಿಯಂ ಕ್ಲೋರೈಡ್, 0.1 ಇಡಿಟಿಎ, 1 ಡಿಟಿಟಿ, 50% ಗ್ಲಿಸರಾಲ್. ಗ್ಲಿಸರಾಲನ್ನು ಸಿಲಿಂಡರಿನಲ್ಲಿ ಅಳೆಯದೆ ತೂಗಿ, 100 ಮಿ.ಲೀ. ಗ್ಲಿಸರಾಲ್ ಎಂದರೆ 126 ಗ್ರಾಂ. ಚೀಲ ಕುಗ್ಗಿ ಜೋತರೆ ಗಾಬರಿ ಬೇಡ, ಗ್ಲಿಸರಾಲ್ ನೀರನ್ನು ಹೊರಗೆಳೆದಿದೆ ಅಷ್ಟೆ. ಕೊನೆಗೆ ಟ್ವೀನ್ 20 ಮತ್ತು ಎನ್‌ಪಿ 40 ತಲಾ 0.5% ಸೇರಿಸಿ, ಇಲ್ಲದಿದ್ದರೆ ತೆಳುಗೊಳಿಸಿದಾಗ ಕಿಣ್ವ ಪ್ಲಾಸ್ಟಿಕ್ಕಿಗೆ ಅಂಟಿಕೊಳ್ಳುತ್ತದೆ. ಮೈನಸ್ 20ರಲ್ಲಿಡಿ. ಅರ್ಧದಷ್ಟು ಗ್ಲಿಸರಾಲ್ ಇರುವುದರಿಂದ ಅದು ಹೆಪ್ಪುಗಟ್ಟುವುದಿಲ್ಲ, ಸ್ವಲ್ಪ ಹೊತ್ತು ಕರೆಂಟ್ ಹೋದರೂ ಧಕ್ಕೆಯಿಲ್ಲ.

ಕಿಣ್ವದ ಬಲ ತಿಳಿಯುವುದು

25 ಮೈಕ್ರೋಲೀಟರ್ ಪಿಸಿಆರ್, ಡಿಎನ್‌ಎ ಕಟ್ಟುವ ಇಟ್ಟಿಗೆಗಳಾದ ಡಿಎನ್‌ಟಿಪಿ ತಲಾ 200 ಮೈಕ್ರೋಮೋಲಾರ್, ಮೆಗ್ನೀಸಿಯಂ 1.5 ಮಿಲಿಮೋಲಾರ್, ಚೆನ್ನಾಗಿ ಗೊತ್ತಿರುವ ಒಂದು ಕಿಲೋಬೇಸ್ ಗುರಿ. ಕಿಣ್ವವನ್ನು ಶೇಖರಣೆಯ ಬಫರಿನಲ್ಲೇ ಅರ್ಧರ್ಧ ತೆಳುಗೊಳಿಸುತ್ತಾ 64 ಪಟ್ಟಿನವರೆಗೆ ಹೋಗಿ, ಪ್ರತಿಯೊಂದರಿಂದ 1 ಮೈಕ್ರೋಲೀಟರ್ ಹಾಕಿ. ಹೋಲಿಸಿ ನೋಡಲು ಪಕ್ಕದಲ್ಲಿ ಕೊಂಡು ತಂದ ಟ್ಯಾಕ್ ಒಂದು ಯೂನಿಟ್ ಇರಲಿ. ತೆಳುಗೊಳಿಸದ ಟ್ಯೂಬಿನಲ್ಲಿ ಪಟ್ಟೆ ಬಾರದೆ ಬರೀ ಬಳಿದಂತಾದರೆ ಕಿಣ್ವ ಕೆಟ್ಟಿದೆ ಎಂದು ಎಸೆಯಬೇಡಿ. ಪಾಲಿಮರೇಸ್ ಅತಿಯಾದರೆ ಹಾಗೆಯೇ ಆಗುವುದು.

ಟೆಂಪ್ಲೇಟ್ (ನಕಲಿಗೆ ಮೂಲವಾದ ಡಿಎನ್‌ಎ) ಹಾಕದ ಟ್ಯೂಬು ತಪ್ಪಿಸುವಂತಿಲ್ಲ. ಮನುಷ್ಯ ಅಥವಾ ಸಸ್ಯದ ಜೀನುಗಳಿಗೆ ಈ ಕಿಣ್ವ ನಿಶ್ಚಿಂತೆ. ಆದರೆ ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಇರುವ 16ಎಸ್ ಜೀನಿನ ಪ್ರೈಮರುಗಳಿಟ್ಟರೆ ಒಳಗೆ ಉಳಿದ ಇ. ಕೋಲಿ ಡಿಎನ್‌ಎ ಖಾಲಿ ಟ್ಯೂಬಿನಲ್ಲೇ ಪಟ್ಟೆಯಾಗಿ ಏಳಬಹುದು. ಹಾಗಾದರೆ ಆ ಬ್ಯಾಚನ್ನು ಬ್ಯಾಕ್ಟೀರಿಯಾ ಗುರುತಿಸುವ ಕೆಲಸಕ್ಕೆ ಬಳಸಲೇಬೇಡಿ, ಟ್ಯೂಬಿನ ಮೇಲೆ ಹಾಗೆಂದೇ ಬರೆದಿಡಿ.

ಬೇರೆ ಬಿಸಿತಾಳಿಕೆಯ ಕಿಣ್ವಕ್ಕೂ, ಕ್ಸೈಲನೇಸ್ ಇರಲಿ, ಬೀಟಾ ಗ್ಲೂಕೋಸಿಡೇಸ್ ಇರಲಿ, ಇದೇ ದಾರಿ. ಆದರೆ 75 ಎಂಬ ಅಂಕಿಯನ್ನು ಕಣ್ಣುಮುಚ್ಚಿ ಎತ್ತಿಕೊಳ್ಳಬೇಡಿ. ಒಡೆದ ಕೋಶದ ದ್ರವವನ್ನು ಪಿಸಿಆರ್ ಟ್ಯೂಬುಗಳಿಗೆ ಹಂಚಿ, 55ರಿಂದ 85 ಡಿಗ್ರಿವರೆಗೆ ಐದೈದು ಡಿಗ್ರಿ ಏರಿಸುತ್ತಾ 20 ನಿಮಿಷ ಇಟ್ಟು, ತಿರುಗಿಸಿ, ತಿಳಿಯ ಚಟುವಟಿಕೆಯನ್ನೂ ಒಟ್ಟು ಪ್ರೋಟೀನನ್ನೂ ಅಳೆಯಿರಿ. ಚಟುವಟಿಕೆ ಇಳಿಯಲು ಶುರುವಾಗುವುದಕ್ಕಿಂತ ಐದು ಡಿಗ್ರಿ ಕೆಳಗಿನ ಉಷ್ಣತೆಯೇ ನಿಮ್ಮದು. ಕೆಲವು ಕಿಣ್ವಗಳ ಚಟುವಟಿಕೆ ಬಿಸಿಮಾಡಿದ ಮೇಲೆ ಹೆಚ್ಚುವುದೂ ಉಂಟು. 37 ಡಿಗ್ರಿಯಲ್ಲಿ ಅರೆಬರೆಯಾಗಿ ಮಡಿಸಿಕೊಂಡಿದ್ದ ಸರಪಳಿ ತನ್ನ ತವರಿನ ಶಾಖ ಸಿಕ್ಕಾಗ ಸರಿಯಾದ ಆಕಾರಕ್ಕೆ ಬರುತ್ತದೆ. ಹಾಗಾಗಿ ಬಿಸಿಮಾಡುವ ಮುಂಚಿನ ಅಳತೆಯೊಂದನ್ನೇ ನಂಬಿ ಕ್ಲೋನ್ ಕೈಬಿಡಬೇಡಿ.