ನಮಗೆ ಜ್ವರ, ಅವರಿಗೆ ನಿದ್ದೆ

ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕವೊಂದರಲ್ಲಿ ನಾನು ಮೇಲ್ವಿಚಾರಕ. 2022ರ ಬೇಸಿಗೆಯ ಒಂದು ಸಂಜೆ ನಮ್ಮ ಸ್ವಯಂಚಾಲಿತ ಯಂತ್ರ ಇದ್ದಕ್ಕಿದ್ದಂತೆ ನಿಂತಿತು. ಚೀನಾದಿಂದ ತರಿಸಿದ ಯಂತ್ರ. ಪರದೆಯ ಮೇಲೆ ಎರಡು ಅಕ್ಷರಗಳು ಕೆಂಪಗೆ ಮಿನುಗುತ್ತಿದ್ದವು. ಬೆಂಗಳೂರಿನಿಂದ ಮೆಕ್ಯಾನಿಕ್ ಬರುವಷ್ಟರಲ್ಲಿ ಮರುದಿನ ಮಧ್ಯಾಹ್ನವಾಗಿ, ಬೇಯಿಸಿಟ್ಟ ಗೂಡೆಲ್ಲ ಹಾಳಾಗಿತ್ತು. ಅವನು ಪರದೆ ನೋಡಿ ನಕ್ಕ. ‘ನೀರು ಸಾಲದು’ ಎಂದು ಬರೆದಿತ್ತಂತೆ. ಸಾವಿರ ಅಡಿ ಕೊರೆಸಿದರೂ ಕೊಳವೆಬಾವಿಯಲ್ಲಿ ದೂಳೇ ಬರುವ ಜಿಲ್ಲೆಯವನು ನಾನು. ನೀರಿಲ್ಲ ಎಂಬ ಮಾತೇ ನನಗೆ ಅರ್ಥವಾಗಲಿಲ್ಲವಲ್ಲ ಎಂಬ ಅವಮಾನದಲ್ಲಿ ಚೀನೀ ಕಲಿಯಲು ಹೊರಟೆ.

ಅವಮಾನ ಮೂರು ತಿಂಗಳು ಬಾಳಿಕೆ ಬಂತು. ಮೊಬೈಲ್ ಆ್ಯಪ್ ದಿನವೂ ನನಗೆ ವಿಮಾನ ನಿಲ್ದಾಣದಲ್ಲಿ ಕಾಫಿ ಕೇಳುವುದನ್ನು ಕಲಿಸುತ್ತಿತ್ತು. ನಾನು ಯಾವ ವಿಮಾನ ಹತ್ತಬೇಕಿತ್ತು? ಸ್ವರದ ಕಾಟ ಬೇರೆ. ‘ಸ್ಸ’ ಎಂಬ ಒಂದೇ ಸದ್ದನ್ನು ಎತ್ತರದಲ್ಲಿ ಸಮನಾಗಿ ಎಳೆದರೆ ರೇಷ್ಮೆ, ಇಳಿಸಿ ಏರಿಸಿದರೆ ಸಾವು, ಮೇಲಿನಿಂದ ಬೀಳಿಸಿದರೆ ನಾಲ್ಕು. ‘ನಮ್ಮ ಊರಿನ ರೇಷ್ಮೆ ಚೆನ್ನಾಗಿದೆ’ ಎಂದು ಅಭ್ಯಾಸ ಮಾಡುತ್ತಾ ವಾರಗಟ್ಟಲೆ ನಮ್ಮ ಊರಿನ ಸಾವನ್ನು ಹೊಗಳಿದ್ದೇನೆ. ನೂರು ಪದ ದಾಟುವ ಮೊದಲೇ ಆ್ಯಪ್ ತೆರೆಯುವುದನ್ನು ಬಿಟ್ಟೆ.

ಮತ್ತೆ ಹಿಡಿಸಿದ್ದು ಯಂತ್ರದ ಕೈಪಿಡಿ. ಅದರ ಹಿಂಬದಿಯಲ್ಲಿ, ಹಿಂದೆ ಯಂತ್ರ ಜೋಡಿಸಲು ಬಂದಿದ್ದ ಹುಝೌ ಕಡೆಯ ಮೇಸ್ತ್ರಿಯ ಇಮೇಲ್ ವಿಳಾಸ ಪೆನ್ಸಿಲಿನಲ್ಲಿತ್ತು. ಹುಝೌ ಜೆಜಿಯಾಂಗ್ ಪ್ರಾಂತ್ಯದ ಹಳೆಯ ರೇಷ್ಮೆ ಊರು. 2020ರ ಜೂನ್‌ನಲ್ಲೇ ನಮ್ಮಲ್ಲಿ ವೀಚಾಟ್ ನಿಷೇಧವಾಗಿತ್ತಾದ್ದರಿಂದ ಇಮೇಲ್ ಒಂದೇ ದಾರಿ. ಅದೇ ಒಳ್ಳೆಯದಾಯಿತು, ಎರಡು ಸಾಲು ಬರೆಯಲು ಒಂದು ರಾತ್ರಿ ಸಿಗುತ್ತಿತ್ತು. ಅವರನ್ನು ‘ಶಿಫು’ ಎಂದು ಕರೆದೆ. ಕೈಕೆಲಸ ಬಲ್ಲವರನ್ನು ಅಲ್ಲಿ ಹಾಗೆ ಕರೆಯುತ್ತಾರೆ, ನಾವು ಮೇಸ್ತ್ರಿ ಎಂದಂತೆ.

ನನ್ನ ಮೊದಲ ಪ್ರಶ್ನೆ ಯಂತ್ರದ ಬಗ್ಗೆ. ಎರಡನೆಯದು ಅಮ್ಮನದು. ಊರಿನಲ್ಲಿ ಅರ್ಧ ಎಕರೆ ಹಿಪ್ಪುನೇರಳೆ ಇಟ್ಟುಕೊಂಡು ಹುಳು ಸಾಕುವ ಅಮ್ಮ, ನಾನು ಚೀನೀ ಗುನುಗುವುದನ್ನು ಕೇಳಿ, “ಅವರ ಹುಳಕ್ಕೂ ನಾಲ್ಕು ಜ್ವರ ಬರುತ್ತದೆಯೇ, ಕೇಳು” ಎಂದಳು. ಹುಳು ಪೊರೆ ಬಿಡುವ ಮೊದಲು ಸೊಪ್ಪು ತಿನ್ನದೆ ತಲೆ ಎತ್ತಿ ಮಂಕಾಗಿ ಕೂರುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ವಾರ ಕಳೆದು ಉತ್ತರ ಬಂತು: ನಾಲ್ಕು ಸಲವೇ, ಆದರೆ ಅದು ‘ಮ್ಯೆನ್’. ಎಂದರೆ ನಿದ್ದೆ. ಕೊನೆಯದಂತೂ ದೊಡ್ಡ ನಿದ್ದೆ.

“ನಾಲ್ಕು ಸಲ ಜ್ವರ ಎಂದು ಹೇಳಿ ಹೇಳಿ ನಾವೇ ಅದಕ್ಕೆ ಕಾಯಿಲೆ ಬರಿಸಿದ್ದೇವೆ. ಅವರೇ ವಾಸಿ,” ಎಂದಳು ಅಮ್ಮ.

ಅಲ್ಲಿಂದ ನಾನು ಅಂಚೆಯವನಾದೆ. ಹುಳುವಿನ ಮನೆಗೆ ಹೊರಗಿನವರನ್ನು ಬಿಡುತ್ತಾರೆಯೇ? ಬಿಡುವುದಿಲ್ಲ; ಸಾಕಣೆಯ ದಿನಗಳಲ್ಲಿ ನೆಂಟರೂ ಬಾಗಿಲಿಗೆ ಬಾರದ ಪದ್ಧತಿಯಿತ್ತು. ಹುಳುವನ್ನು ‘ಪಾವೊಪಾವೊ’, ಅಂದರೆ ಕೂಸು ಎನ್ನುತ್ತಾರೆ. ಹಳಬರು ಆ ದಿನಗಳಲ್ಲಿ ಶುಂಠಿಯ ಹೆಸರು ಎತ್ತುತ್ತಿರಲಿಲ್ಲ. ಶುಂಠಿಯೂ ‘ಚ್ಯಾಂಗ್’, ಹುಳು ಸೆಟೆದು ಸಾಯುವುದೂ ‘ಚ್ಯಾಂಗ್’. ನಮ್ಮ ಸುಣ್ಣಕಟ್ಟು ರೋಗವೇ ಅದು. ಅಮ್ಮ ಅಂದಿನಿಂದ ಹುಳುವಿನ ಮನೆಯ ಹತ್ತಿರ ಶುಂಠಿ ಟೀ ಕುಡಿಯುತ್ತಿಲ್ಲ. ಬ್ಲೀಚಿಂಗ್ ಪುಡಿಯನ್ನೂ ಬಿಟ್ಟಿಲ್ಲ, ಅದು ನೆಮ್ಮದಿ.

ಭಾನುವಾರ ಯಂತ್ರ ತೊಳೆದ ಮೇಲೆ ಈಗ ಮೂವರು ಕೂರುತ್ತೇವೆ: ನಾನು, ಬಾಯ್ಲರ್ ನೋಡಿಕೊಳ್ಳುವ ಅಣ್ಣ, ಮಾಲೀಕರ ಬಿ.ಕಾಂ. ಓದುವ ಮಗಳು. ಕೆಂಪು, ದಾರ, ಕಾಗದ, ಗಂಟು, ಇವೆಲ್ಲವುಗಳ ಅಕ್ಷರದ ಎಡಕ್ಕೆ ರೇಷ್ಮೆ ಎಳೆಯ ಗುರುತಿದೆ ಎಂದು ಪತ್ತೆ ಹಚ್ಚಿದ್ದು ಆ ಹುಡುಗಿ. ‘ಚಿಂಗ್’ ಎಂದರೆ ಮಗ್ಗದ ಹಾಸು. ಬೌದ್ಧ ಸೂತ್ರಗಳನ್ನು ಚೀನೀಗೆ ತಂದವರು ಸೂತ್ರಕ್ಕೆ ಬಳಸಿದ್ದು ಅದನ್ನೇ. ನಮ್ಮ ಸೂತ್ರವೂ ನೂಲೇ ತಾನೆ! ಬಾಯ್ಲರ್ ಅಣ್ಣನಿಗೆ ಇದೆಲ್ಲ ಬೇಡ. ಅವರಿಗೆ ಇಷ್ಟವಾದದ್ದು ‘ಲ್ಯೆನ್’. ಅಭ್ಯಾಸ ಎಂಬ ಪದದ ಮೊದಲ ಅಕ್ಷರ ಅದು. ಅದರ ಮೂಲ ಅರ್ಥ, ಕಚ್ಚಾ ರೇಷ್ಮೆಯನ್ನು ಬೇಯಿಸಿ ಅಂಟು ಬಿಡಿಸಿ ಬೆಳ್ಳಗೆ ಮೆತ್ತಗೆ ಮಾಡುವುದು. “ಹಾಗಾದರೆ ಇಷ್ಟು ವರ್ಷ ಹಬೆಯ ಮುಂದೆ ನಿಂತು ನಾನು ಚೀನೀ ಅಭ್ಯಾಸವನ್ನೇ ಮಾಡಿದ್ದು,” ಎನ್ನುತ್ತಾರೆ. ನಮ್ಮಲ್ಲಿ ಬೇಯಿಸುವುದು ಗೂಡು, ಅದು ನೂಲು ಎಂದು ಎಷ್ಟು ಹೇಳಿದರೂ ಕೇಳುವುದಿಲ್ಲ.

ಪರೀಕ್ಷೆ ಬರೆದಿಲ್ಲ. ಮಾತು ಇನ್ನೂ ಕುಂಟುತ್ತದೆ, ಓದು ಪರವಾಗಿಲ್ಲ. ಕೆಲವು ವಾರ ಪುಸ್ತಕ ಮುಟ್ಟುವುದೇ ಇಲ್ಲ. ಆದರೆ ಶನಿವಾರ ಊರಿಗೆ ಹೋದರೆ ಅಮ್ಮ ಬಾಗಿಲಲ್ಲೇ “ಶಿಫು ಏನೆಂದರು?” ಎಂದು ಕೇಳುತ್ತಾಳೆ, ಇಮೇಲ್ ಓದಿಲ್ಲ ಎನ್ನಲು ನಾಚಿಕೆ. ಹೋದ ವಾರದ ಪ್ರಶ್ನೆ, ಮಳೆಗಾಲದಲ್ಲಿ ಒದ್ದೆ ಸೊಪ್ಪನ್ನು ಅವರು ಹೇಗೆ ಆರಿಸುತ್ತಾರೆ ಎಂಬುದು. ‘ಒದ್ದೆ’ ಸಿಕ್ಕಿದೆ, ‘ಸೊಪ್ಪು’ ಮೊದಲೇ ಗೊತ್ತು. ‘ಆರಿಸು’ ಎಂಬುದಕ್ಕೆ ನಿಘಂಟಿನಲ್ಲಿ ಹಲವು ಪದಗಳಿವೆ, ಬಿಸಿಲಿಗೆ ಒಂದು, ಗಾಳಿಗೆ ಇನ್ನೊಂದು. ಯಾವುದನ್ನು ಬರೆಯಲಿ ಎಂದು ಅಮ್ಮನನ್ನೇ ಕೇಳಬೇಕು.