ಮಳೆಗಾಲದಲ್ಲಿ ಟಿಎಲ್‌ಡಿ ಬ್ಯಾಡ್ಜ್ ಜೋಪಾನ

ಶಿವಮೊಗ್ಗ ಕಡೆಯ ಲ್ಯಾಬ್‌ಗಳಲ್ಲಿ ರೇಡಿಯೋಆಕ್ಟಿವ್ ಸೋರ್ಸ್, ಎಕ್ಸ್‌ರೇ ಯಂತ್ರ ಬಳಸುವ ರಿಸರ್ಚ್ ಗೆಳೆಯರಿಗೆ ಟಿಎಲ್‌ಡಿ ಬ್ಯಾಡ್ಜ್ (ಮೈಗೆ ತಗುಲಿದ ವಿಕಿರಣ ಅಳೆಯಲು ಹಾಕಿಕೊಳ್ಳುವ ಬ್ಯಾಡ್ಜ್) ಬಗ್ಗೆ ಒಂದು ಮಾತು.

ಹೋದ ಮಳೆಗಾಲದಲ್ಲಿ ನಾನು ಬ್ಯಾಡ್ಜನ್ನು ರೈನ್‌ಕೋಟ್ ಜೇಬಲ್ಲೇ ಮರೆತು, ಕೋಟನ್ನು ಬಚ್ಚಲೊಲೆ ಮೇಲಿನ ಹಗ್ಗಕ್ಕೆ ಒಣಹಾಕಿದ್ದೆ. ಬೆಳಿಗ್ಗೆ ನೋಡಿದರೆ ಪ್ಲಾಸ್ಟಿಕ್ ಕವರ್ ಸುಕ್ಕಾಗಿತ್ತು. ಹೊಗೆ ವಾಸನೆ ಬೇರೆ! ಬ್ಯಾಡ್ಜ್ ಒಳಗಿನ ಪುಟ್ಟ ಬಿಲ್ಲೆಗಳು ವಿಕಿರಣದ ಲೆಕ್ಕ ಹಿಡಿದಿಡುತ್ತವೆ. ಬಿಸಿ ಮಾಡಿದಾಗ ಅದನ್ನು ಬೆಳಕಾಗಿ ಬಿಟ್ಟುಕೊಡುತ್ತವೆ, ಡೋಸ್ (ತಗುಲಿದ ವಿಕಿರಣದ ಪ್ರಮಾಣ) ಓದುವುದೇ ಹಾಗೆ. ಅಂದಮೇಲೆ ಒಲೆಯ ಕಾವು ತಗುಲಿದರೆ ಲೆಕ್ಕ ಕೆಡುತ್ತದೆ, ಅಲ್ವಾ? ಕೆಲಸ ಮುಗಿದ ಮೇಲೆ ಸೋರ್ಸ್‌ನಿಂದ ದೂರ, ಕಂಟ್ರೋಲ್ ಬ್ಯಾಡ್ಜ್ (ಯಾರೂ ಹಾಕದೆ ಹೋಲಿಕೆಗೆ ಇಟ್ಟಿರುವ ಬ್ಯಾಡ್ಜ್) ಪಕ್ಕದಲ್ಲೇ ಇಟ್ಟು ಮನೆಗೆ ಹೋಗಿ. ಹಾಕುವಾಗ ಎದೆಯ ಮಟ್ಟ. ಸೀಸದ ಏಪ್ರನ್ ತೊಟ್ಟರೆ ಅದರ ಒಳಗೆ.

ಬ್ಯಾಡ್ಜ್ ಅಳೆಯುತ್ತದೆ ಅಷ್ಟೇ, ಕಾಪಾಡುವುದಿಲ್ಲ. ವಿಕಿರಣದ ಕೆಲಸ ಮಾಡುವವರಿಗೆ ನಮ್ಮ ದೇಶದ ಡೋಸ್ ಮಿತಿ 5 ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ಡೋಸ್‌ನ ಅಳತೆ), ಯಾವ ವರ್ಷವೂ 30 ದಾಟಬಾರದು. ಹಾಗಂತ ಸುಮ್ನೆ ಹತ್ತಿರ ನಿಲ್ಲಬೇಡಿ. ಚಿಕ್ಕ ಸೋರ್ಸ್ ಆದರೆ ಎರಡು ಪಟ್ಟು ದೂರ ಸರಿದರೆ ಡೋಸ್ ಕಾಲು ಭಾಗಕ್ಕೆ ಇಳಿಯುತ್ತದೆ.

ಬೀಟಾ ಕಣ ಸೂಸುವ ಫಾಸ್ಫರಸ್-32 ಬಳಸುವವರು ಮೊದಲು ಪರ್ಸ್ಪೆಕ್ಸ್ (ಗಾಜಿನಂಥ ಗಟ್ಟಿ ಪ್ಲಾಸ್ಟಿಕ್) ತಡೆ ಇಡಿ. ನೇರ ಸೀಸ ಇಟ್ಟರೆ ಬೀಟಾ ಕಣಗಳು ಅದಕ್ಕೆ ಬಡಿದು ಎಕ್ಸ್‌ರೇ ಜಾಸ್ತಿ ಹುಟ್ಟುತ್ತದೆ.